ಯಾವ ರೈಲು ಹೆಚ್ಚು ಕಿಕ್ಕಿರಿದಿದೆ? ಹೋಲಿಸುವ ಮುನ್ನ ಅಳತೆಗೋಲನ್ನು ಆರಿಸಿಕೊಳ್ಳಿ

ಸಿಡ್ನಿಯ ಉಪನಗರ ರೈಲೊಂದರಲ್ಲಿ ಶೇ 135ರಷ್ಟು ಜನ ತುಂಬಿದ್ದಾರೆ. ಟೋಕಿಯೊದ ರೈಲೊಂದರಲ್ಲಿಯೂ ಶೇ 135. ಕಾಗದದ ಮೇಲೆ ಎರಡೂ ಸಮ. ಒಳಗೆ ಹೊಕ್ಕು ನೋಡಿದರೆ ಸಿಡ್ನಿಯ ಗಾಡಿಯಲ್ಲಿ ನೂರು ಆಸನಗಳಿಗೆ 135 ಜನರಿದ್ದಾರೆ, 35 ಮಂದಿ ನಿಂತಿದ್ದಾರೆ. ಟೋಕಿಯೊದ ಗಾಡಿಯಲ್ಲಿ ಅದೇ ನೂರು ಆಸನಗಳಿಗೆ ಸುಮಾರು 400 ಜನ. ಎರಡು ಊರುಗಳೂ ಸುಳ್ಳು ಹೇಳುತ್ತಿಲ್ಲ. ಶೇಕಡಾವಾರಿನ ಛೇದದಲ್ಲಿ ಸಿಡ್ನಿ ಆಸನಗಳನ್ನಷ್ಟೇ ಇಡುತ್ತದೆ, ಟೋಕಿಯೊ ನಿಲ್ಲುವ ಜಾಗವನ್ನೂ ಸೇರಿಸುತ್ತದೆ.

ಉಪನಗರ ರೈಲುಗಳ ದಟ್ಟಣೆಯನ್ನು ಹೋಲಿಸುವುದು ಹೇಗೆ ಎಂದು ನನ್ನನ್ನು ಕೇಳುವವರಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿದ್ದಾರೆ, ಎರಡು ಮಾರ್ಗಗಳಲ್ಲಿ ಯಾವುದರ ಪಕ್ಕ ಮನೆ ಹಿಡಿಯಲಿ ಎಂದು ತೂಗುತ್ತಿರುವವರಿದ್ದಾರೆ, ಹೆಚ್ಚು ರೈಲು ಓಡಿಸಿ ಎಂದು ಮನವಿ ಬರೆಯುವ ಪ್ರಯಾಣಿಕರ ಸಂಘದವರೂ ಇದ್ದಾರೆ. ಎಲ್ಲರ ಕೈಯಲ್ಲೂ ಆಗಲೇ ಒಂದು ಅಂಕಿ ಇರುತ್ತದೆ. ಆ ಅಂಕಿ ಅವರ ಪ್ರಶ್ನೆಗೆ ಉತ್ತರವೇ ಎಂಬುದನ್ನು ಮಾತ್ರ ಯಾರೂ ಪರೀಕ್ಷಿಸಿರುವುದಿಲ್ಲ. ಜಗತ್ತಿನಲ್ಲಿ ಬಳಕೆಯಲ್ಲಿರುವ ಅಳತೆಗೋಲುಗಳು ಹಲವು. ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿ ಬಿಡಿಸಿಡುತ್ತೇನೆ.

ಅಳತೆಗೋಲಿಗೆ ಕೇಳಬೇಕಾದ ಪ್ರಶ್ನೆಗಳು

ಮೊದಲನೆಯದು ಛೇದ: ನೂರು ಎಂದರೆ ಏನು? ಎಲ್ಲ ಆಸನಗಳು ತುಂಬಿದ ಸ್ಥಿತಿಯೇ, ನಿಂತವರನ್ನೂ ಸೇರಿಸಿ ತಯಾರಕರು ನಿಗದಿಪಡಿಸಿದ ಸಾಮರ್ಥ್ಯವೇ? ಎರಡನೆಯದು ಸಮಯ ಮತ್ತು ಸ್ಥಳ: ಇಡೀ ದಿನದ ಲೆಕ್ಕವೇ, ಅತಿ ದಟ್ಟಣೆಯ ಒಂದು ಗಂಟೆಯದೇ, ಹದಿನೈದು ನಿಮಿಷದ್ದೇ? ಇಡೀ ಮಾರ್ಗದ್ದೇ, ಅತ್ಯಂತ ಕಿಕ್ಕಿರಿದ ಎರಡು ನಿಲ್ದಾಣಗಳ ನಡುವಿನದೇ? ಮೂರನೆಯದು ಸರಾಸರಿ ಯಾರದು ಎಂಬುದು. ಗಾಡಿಗಳ ಸರಾಸರಿಗೂ ಪ್ರಯಾಣಿಕರು ಅನುಭವಿಸಿದ ದಟ್ಟಣೆಯ ಸರಾಸರಿಗೂ ಅಜಗಜಾಂತರವಿದೆ. ನಾಲ್ಕನೆಯದು, ಅಂಕಿ ಕೈಗೆ ಸಿಗುವುದಕ್ಕೆ ತಗಲುವ ಖರ್ಚು. ಕೊನೆಯದು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು: ಈ ಅಳತೆ ಅನನುಕೂಲವನ್ನು ತೋರಿಸುತ್ತದೆಯೇ, ಅಪಾಯವನ್ನು ತೋರಿಸುತ್ತದೆಯೇ? ಒಂದು ಗಂಟೆ ನಿಂತು ಕಾಲು ನೋಯುವುದು ಬೇರೆ, ಬಾಗಿಲಿನಿಂದ ಆಚೆ ಬೀಳುವುದು ಬೇರೆ.

ಒಂದೇ ಬೆಳಗು, ಆರು ಅಂಕಿಗಳು

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಬೆಳಿಗ್ಗೆ ಒಂದರ ಹಿಂದೆ ಒಂದು ಎರಡು ಗಾಡಿಗಳು ಹೊರಡುತ್ತವೆ. ಪ್ರತಿಯೊಂದರಲ್ಲಿ 500 ಆಸನ, ಇನ್ನೂ 500 ಜನ ನಿಲ್ಲಲು 125 ಚದರ ಮೀಟರ್ ಜಾಗ. ಅಂದರೆ ಚದರ ಮೀಟರಿಗೆ ನಾಲ್ವರು. ಇವುಗಳಿಗೂ ಮುಂಚೆ ಹೊರಡಬೇಕಿದ್ದ ಗಾಡಿಯೊಂದು ರದ್ದಾದ ಕಾರಣ ಮೊದಲನೆಯದಕ್ಕೆ 1,800 ಜನ ಹತ್ತಿದರು. ಎರಡನೆಯದರಲ್ಲಿ 200 ಜನ.

ಒಟ್ಟು ಸಾಮರ್ಥ್ಯದೊಂದಿಗೆ ಹೋಲಿಸಿದರೆ 2,000 ಜನರಿಗೆ 2,000 ಜಾಗ: ಶೇ 100, ಎಲ್ಲವೂ ಸರಿಯಾಗಿದೆ. ಆಸನಗಳೊಂದಿಗೆ ಹೋಲಿಸಿದರೆ ಶೇ 200. ಸಾಮರ್ಥ್ಯ ಮೀರಿದವರನ್ನು ಮಾತ್ರ ಎಣಿಸಿದರೆ 800 ಜನ, ಅಂದರೆ ಒಟ್ಟು ಪ್ರಯಾಣಿಕರಲ್ಲಿ ಶೇ 40. ದೂರದ ಪ್ರಯಾಣದಲ್ಲಿ ನಿಲ್ಲಿಸುವುದೇ ತಪ್ಪು ಎಂದು ಬಗೆದು ಆಸನ ಸಿಗದವರನ್ನೆಲ್ಲ ಎಣಿಸಿದರೆ ಶೇ 65. ಮೊದಲ ಗಾಡಿಯಲ್ಲಿ ನಿಂತವರ ಸಾಂದ್ರತೆ ಚದರ ಮೀಟರಿಗೆ ಹತ್ತಕ್ಕೂ ಹೆಚ್ಚು. ಪ್ರತಿ ಪ್ರಯಾಣಿಕನನ್ನೂ ಅವನ ಗಾಡಿ ಎಷ್ಟು ತುಂಬಿತ್ತು ಎಂದು ಕೇಳಿ ಸರಾಸರಿ ತೆಗೆದರೆ ಶೇ 164, ಏಕೆಂದರೆ ಹತ್ತರಲ್ಲಿ ಒಂಬತ್ತು ಮಂದಿ ಶೇ 180 ತುಂಬಿದ ಗಾಡಿಯಲ್ಲಿದ್ದರು.

ಆರೂ ಅಂಕಿಗಳು ನಿಜ. ಶೇ 100ನ್ನು ಮುದ್ರಿಸಿ ಕೈತೊಳೆದುಕೊಳ್ಳುವ ವರದಿಯನ್ನು ಓದುವಾಗ ನನಗೆ ಆ ಮೊದಲ ಗಾಡಿಯ 1,800 ಜನ ನೆನಪಾಗುತ್ತಾರೆ. ಅವರ ಬೆಳಗನ್ನು ಎರಡನೆಯ ಗಾಡಿಯ ಖಾಲಿ ಆಸನಗಳು ಅಳಿಸಿಹಾಕಿದವು.

ದಿನದ ಒಟ್ಟು ಪ್ರಯಾಣಿಕರು

ಪತ್ರಿಕೆಗಳಿಗೆ ಅತ್ಯಂತ ಪ್ರಿಯವಾದ ಅಂಕಿ ಇದು, ಹೋಲಿಕೆಗೆ ಅತ್ಯಂತ ಕಡಿಮೆ ಪ್ರಯೋಜನದ್ದೂ ಇದೇ. ಕೋವಿಡ್ ಸಾಂಕ್ರಾಮಿಕಕ್ಕೆ ಮುನ್ನ ಮುಂಬೈನ ಉಪನಗರ ರೈಲುಗಳಲ್ಲಿ ದಿನಕ್ಕೆ ಸುಮಾರು 75 ಲಕ್ಷ ಜನ ಸಂಚರಿಸುತ್ತಿದ್ದರು. ಅದೇ ಕಾಲದಲ್ಲಿ ಟೋಕಿಯೊದ ಶಿಂಜುಕು ನಿಲ್ದಾಣ ಒಂದನ್ನೇ ದಿನಕ್ಕೆ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. ಹಾಗೆಂದು ಟೋಕಿಯೊದ ಬೋಗಿಗಳು ಮುಂಬೈಗಿಂತ ಹೆಚ್ಚು ಕಿಕ್ಕಿರಿದಿದ್ದವೇ? ಇಲ್ಲ. ಹಳಿಗಳೆಷ್ಟು, ಗಾಡಿಗಳೆಷ್ಟು, ಬೋಗಿಗಳೆಷ್ಟು ಎಂಬುದು ಈ ಅಂಕಿಯಲ್ಲಿ ಇಲ್ಲವೇ ಇಲ್ಲ. ಜಾಲದ ಗಾತ್ರವನ್ನು ಪರಿಚಯಿಸಲು ಮೊದಲ ಸಾಲಿನಲ್ಲಿ ಬಳಸಿ, ಅಲ್ಲಿಗೇ ಬಿಡಿ.

ಸಾಮರ್ಥ್ಯದ ಶೇಕಡಾವಾರು: ಟೋಕಿಯೊದ ದಾರಿ

ಜಪಾನಿನ ಸಾರಿಗೆ ಸಚಿವಾಲಯ ಪ್ರತಿ ವರ್ಷ ದಟ್ಟಣೆಯ ಪ್ರಮಾಣವನ್ನು ಪ್ರಕಟಿಸುತ್ತದೆ. ಪ್ರತಿ ಮಾರ್ಗದ ಅತ್ಯಂತ ಕಿಕ್ಕಿರಿದ ಭಾಗವನ್ನು, ಅತಿ ದಟ್ಟಣೆಯ ಒಂದು ಗಂಟೆಯನ್ನು ಆರಿಸಿ, ಆ ಗಂಟೆಯಲ್ಲಿ ಸಾಗಿದ ಜನರನ್ನು ಗಾಡಿಗಳ ಒಟ್ಟು ಸಾಮರ್ಥ್ಯದಿಂದ ಭಾಗಿಸುತ್ತಾರೆ. ಅಂಕಿಯ ಅರ್ಥವನ್ನು ಜನಸಾಮಾನ್ಯರಿಗೆ ಚಿತ್ರಗಳಲ್ಲಿ ಹೇಳಿದ್ದು ಈ ಅಳತೆಯ ದೊಡ್ಡ ಗುಣ. ಶೇ 100 ಎಂದರೆ ಕುಳಿತಿರಬಹುದು, ಇಲ್ಲವೇ ಹಿಡಿಕೆಯನ್ನೋ ಬಾಗಿಲ ಬಳಿಯ ಕಂಬವನ್ನೋ ಹಿಡಿದು ನಿಲ್ಲಬಹುದು. ಬಹುಕಾಲ ಬಳಕೆಯಲ್ಲಿದ್ದ ವಿವರಣೆಯ ಪ್ರಕಾರ ಶೇ 150ರಲ್ಲಿ ದಿನಪತ್ರಿಕೆಯನ್ನು ಬಿಡಿಸಿ ಓದಬಹುದು, ಶೇ 180ರಲ್ಲಿ ಮಡಿಸಿಕೊಂಡು ಕಷ್ಟಪಟ್ಟು ಓದಬಹುದು, ಶೇ 200ರಲ್ಲಿ ಮೈಗೆ ಮೈ ಒತ್ತಿ ಬಹಳ ಇಕ್ಕಟ್ಟಾಗುತ್ತದೆ, ಶೇ 250ರಲ್ಲಿ ಗಾಡಿ ವಾಲಿದಂತೆ ದೇಹವೂ ವಾಲುತ್ತದೆ, ಕೈಯನ್ನೂ ಅಲ್ಲಾಡಿಸಲಾಗುವುದಿಲ್ಲ.

ವರ್ಷದಿಂದ ವರ್ಷಕ್ಕೆ ಒಂದೇ ಜಾಲವನ್ನು ಹೋಲಿಸಲು ಇದಕ್ಕಿಂತ ಉತ್ತಮವಾದದ್ದು ನನಗೆ ಗೊತ್ತಿಲ್ಲ. ಟೋಕಿಯೊ ವಲಯದ ಪ್ರಮುಖ 31 ಭಾಗಗಳ ಸರಾಸರಿ 1975ರಲ್ಲಿ ಶೇ 221 ಇತ್ತು. 2019ರ ಹೊತ್ತಿಗೆ ಅದು ಶೇ 163ಕ್ಕೆ ಇಳಿಯಿತು. ಪ್ರಯಾಣಿಕರು ಕಡಿಮೆಯಾದದ್ದು ಇದಕ್ಕೆ ಕಾರಣವಲ್ಲ. ಹಳಿಗಳು, ಬೋಗಿಗಳು, ಹೊಸ ಮಾರ್ಗಗಳು ಹೆಚ್ಚಿದವು. ಒಡಕ್ಯು ಮಾರ್ಗದ ಇಕ್ಕಟ್ಟಿನ ಭಾಗದಲ್ಲಿ ದಶಕಗಳ ಕಾಮಗಾರಿಯ ನಂತರ 2018ರಲ್ಲಿ ಎರಡು ಹಳಿಗಳು ನಾಲ್ಕಾದಾಗ, ಶೇ 190ರ ಆಸುಪಾಸಿನಲ್ಲಿದ್ದ ದಟ್ಟಣೆ 160ಕ್ಕಿಂತ ಕೆಳಗೆ ಬಂತು. ಸಾಂಕ್ರಾಮಿಕದ 2020ರಲ್ಲಿ ವಲಯದ ಸರಾಸರಿ 107ಕ್ಕೆ ಕುಸಿಯಿತು, 2023ರಲ್ಲಿ 136ಕ್ಕೆ ಮರಳಿ ಏರಿತು. ಇಷ್ಟು ಉದ್ದದ ದಾಖಲೆ ಕೈಯಲ್ಲಿದ್ದರೆ ಹೊಸ ಹಳಿ ಹಾಕಿದ್ದು ಸಾರ್ಥಕವೇ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ.

ಕೊರತೆಗಳೂ ಇವೆ. ಒಂದು ಗಂಟೆಯ ಸರಾಸರಿಯಲ್ಲಿ ನಡುವಿನ ಹದಿನೈದು ನಿಮಿಷದ ಕಡುಕಷ್ಟ ಕರಗಿಹೋಗುತ್ತದೆ. ಹತ್ತು ಬೋಗಿಗಳ ಗಾಡಿಯಲ್ಲಿ ಮೆಟ್ಟಿಲ ಎದುರಿಗೆ ನಿಲ್ಲುವ ಬೋಗಿ ತುಂಬಿ ತುಳುಕುತ್ತಿದ್ದು ತುದಿಯ ಬೋಗಿ ಹಗುರಾಗಿದ್ದರೆ, ಅದೂ ಕಾಣುವುದಿಲ್ಲ. ಇನ್ನೊಂದು ತೊಡಕು ಸಾಮರ್ಥ್ಯವನ್ನು ಯಾರು ನಿಗದಿಪಡಿಸುತ್ತಾರೆ ಎಂಬುದು. ಯುರೋಪಿನಲ್ಲಿ ಚದರ ಮೀಟರಿಗೆ ನಾಲ್ವರು ಎಂಬ ಲೆಕ್ಕ ಹೆಚ್ಚು ಬಳಕೆಯಲ್ಲಿದೆ. ಭಾರತದ ಮೆಟ್ರೊಗಳ ಯೋಜನೆಯಲ್ಲಿ ಆರು, ಅತಿ ದಟ್ಟಣೆಗೆ ಎಂಟು. ನಾಲ್ಕರ ಬದಲು ಆರು ಎಂದು ಕಾಗದದ ಮೇಲೆ ತಿದ್ದಿದರೆ ಒಂದೇ ರಾತ್ರಿಯಲ್ಲಿ ದಟ್ಟಣೆ ಇಳಿದುಬಿಡುತ್ತದೆ, ಒಬ್ಬನೇ ಒಬ್ಬ ಪ್ರಯಾಣಿಕನಿಗೂ ಬೆರಳಗಲದಷ್ಟು ಜಾಗ ಹೆಚ್ಚದಿದ್ದರೂ.

ಆಸನದ ಲೆಕ್ಕ: ಸಿಡ್ನಿಯ ದಾರಿ

ಸಿಡ್ನಿಯ ಗಾಡಿಗಳಲ್ಲಿ ಹೆಚ್ಚಿನವು ಎರಡು ಅಂತಸ್ತಿನವು. ಎಂಟು ಬೋಗಿಯ ಗಾಡಿಯಲ್ಲಿ 900ರ ಸಮೀಪ ಆಸನಗಳಿವೆ. ನಿಲ್ಲಲು ಹದವಾದ ಜಾಗ ಇರುವುದು ಬಾಗಿಲ ಬಳಿಯ ಅಂಗಳದಲ್ಲಿ, ಸ್ವಲ್ಪ ಮಟ್ಟಿಗೆ ಆಸನಗಳ ನಡುವಿನ ಓಣಿಯಲ್ಲಿ. ಹಾಗಾಗಿ ಆಸನಗಳ ಶೇ 135ನ್ನು ಗಡಿ ಎಂದು ಇಟ್ಟುಕೊಂಡಿದ್ದಾರೆ. ಅದನ್ನು ದಾಟಿದರೆ ಹತ್ತಿಳಿಯುವುದು ನಿಧಾನವಾಗಿ ವೇಳಾಪಟ್ಟಿಯೇ ಹದಗೆಡುತ್ತದೆ ಎಂಬುದು ಅವರ ಅನುಭವ.

ದೂರದ ಪ್ರಯಾಣದವರ ಪ್ರಶ್ನೆ ಒಂದೇ: ಕೂರಲು ಜಾಗ ಸಿಗುತ್ತದೆಯೇ? ಅದಕ್ಕೆ ಈ ಅಳತೆ ನೇರವಾಗಿ ಉತ್ತರಿಸುತ್ತದೆ. ವಯಸ್ಸಾದವರು, ಗರ್ಭಿಣಿಯರು, ಮಂಡಿನೋವಿನವರು ನೋಡಬೇಕಾದದ್ದು ಇದನ್ನೇ. ಆದರೆ ಆಸನ ಕಡಿಮೆ ಮಾಡಿ ನಿಲ್ಲುವ ಜಾಗ ಹೆಚ್ಚಿಸಿದ ಗಾಡಿಗೆ ಇದನ್ನು ಹಚ್ಚಿದರೆ ಅನ್ಯಾಯವಾಗುತ್ತದೆ. ಟೋಕಿಯೊದ ಯಾಮಾನೊತೆ ಮಾರ್ಗದಲ್ಲಿ 1990ರ ದಶಕದಲ್ಲಿ ಆರು ಬಾಗಿಲುಗಳ ಬೋಗಿಗಳನ್ನು ತಂದು, ಬೆಳಗಿನ ದಟ್ಟಣೆಯಲ್ಲಿ ಆಸನಗಳನ್ನು ಮಡಚಿಡುತ್ತಿದ್ದರು. ಆಸನವೇ ಇಲ್ಲದ ಬೋಗಿಯನ್ನು ಆಸನದಿಂದ ಭಾಗಿಸುವುದು ಹೇಗೆ?

ಎರಡು ಅಂತಸ್ತಿನ ಗಾಡಿಯೇ ಪರಿಹಾರ ಎಂದುಕೊಳ್ಳುವವರು ಪ್ಯಾರಿಸ್ಸಿನ ಉಪನಗರ ರೈಲುಗಳ ಆರ್‌ಇಆರ್ ಎ ಮಾರ್ಗವನ್ನು ನೋಡಬೇಕು. ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಂಚರಿಸುವ ಆ ಮಾರ್ಗದಲ್ಲಿ ಎರಡಂತಸ್ತಿನ ಗಾಡಿಗಳೇ ಓಡುತ್ತವೆ, ಆದರೆ ಪ್ರತಿ ಬೋಗಿಯ ಪ್ರತಿ ಪಕ್ಕದಲ್ಲಿ ಮೂರು ಅಗಲವಾದ ಬಾಗಿಲುಗಳಿವೆ. ಎರಡು ಎರಡೂವರೆ ನಿಮಿಷಕ್ಕೊಂದು ಗಾಡಿ ಬರಬೇಕಾದಲ್ಲಿ ಆಸನದಷ್ಟೇ ಬಾಗಿಲಿಗೂ ಬೆಲೆಯಿದೆ. ನಿಲ್ದಾಣದಲ್ಲಿ ಗಾಡಿ ಹೆಚ್ಚು ಹೊತ್ತು ನಿಂತರೆ ಹಿಂದಿನದು ಕಾಯಬೇಕು, ಗಂಟೆಗೆ ಓಡುವ ಗಾಡಿಗಳ ಸಂಖ್ಯೆ ಇಳಿಯುತ್ತದೆ, ದಟ್ಟಣೆ ಮತ್ತೆ ಏರುತ್ತದೆ.

ಮೀರಿದವರ ಎಣಿಕೆ: ಇಂಗ್ಲೆಂಡಿನ ದಾರಿ

ಇಂಗ್ಲೆಂಡ್ ಮತ್ತು ವೇಲ್ಸ್‌ನ ದೊಡ್ಡ ನಗರಗಳಿಗೆ ಬಂದುಹೋಗುವ ರೈಲುಗಳಲ್ಲಿ ಪ್ರತಿ ಗಾಡಿಯನ್ನೂ ಬೇರೆಬೇರೆಯಾಗಿ ನೋಡಿ, ಸಾಮರ್ಥ್ಯವನ್ನು ಮೀರಿ ಎಷ್ಟು ಜನ ಇದ್ದರು ಎಂದು ಎಣಿಸಿ ಕೂಡಿಸುತ್ತಾರೆ. ಇಲ್ಲಿ ಎರಡು ನಿಯಮಗಳು ನನಗೆ ಮೆಚ್ಚುಗೆಯಾಗಿವೆ. ಒಂದು, ಖಾಲಿ ಹೋದ ಗಾಡಿಯ ಪುಣ್ಯ ತುಂಬಿದ ಗಾಡಿಗೆ ಸಲ್ಲುವುದಿಲ್ಲ. ನಮ್ಮ ಲೆಕ್ಕದ 1,800 ಜನ ಇಲ್ಲಿ ಮರೆಯಾಗುವುದಿಲ್ಲ. ಎರಡು, ನಿಲ್ದಾಣಗಳ ನಡುವಿನ ಅವಧಿ 20 ನಿಮಿಷದೊಳಗಿದ್ದರೆ ಒಂದಷ್ಟು ಜನ ನಿಲ್ಲುವುದನ್ನು ಸಾಮರ್ಥ್ಯದಲ್ಲಿ ಸೇರಿಸುತ್ತಾರೆ. ಅದಕ್ಕಿಂತ ಹೆಚ್ಚಾದರೆ ಆಸನಗಳಷ್ಟೇ ಸಾಮರ್ಥ್ಯ. ಅಂದರೆ ಎಷ್ಟು ಹೊತ್ತು ನಿಲ್ಲಬೇಕು ಎಂಬ ಪ್ರಶ್ನೆ ಅಳತೆಯ ಒಳಗೇ ಕುಳಿತಿದೆ.

ಇದರ ದೋಷ ಗಡಿಯ ಕೆಳಗಿನ ಕಷ್ಟ ಕಾಣದಿರುವುದು. ಸಾಮರ್ಥ್ಯಕ್ಕೆ ಒಬ್ಬ ಕಡಿಮೆ ಇದ್ದರೂ ಲೆಕ್ಕ ಸೊನ್ನೆ. ಜೊತೆಗೆ ಪ್ರತಿ ಗಾಡಿಯ ಎಣಿಕೆ ಬೇಕು, ಅದಕ್ಕೆ ಜನ ಬೇಕು ಇಲ್ಲವೇ ಯಂತ್ರ ಬೇಕು.

ಚದರ ಮೀಟರಿಗೆ ಎಷ್ಟು ಜನ: ಮುಂಬೈ ಕಲಿಸಿದ ಪಾಠ

ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಎಳೆಯಿರಿ. ನಾಲ್ವರನ್ನು ನಿಲ್ಲಿಸಿ, ಮಾತಾಡಿಕೊಂಡು ನಿಲ್ಲುತ್ತಾರೆ. ಆರು ಮಂದಿ ಭುಜ ತಗಲಿಸಿ ನಿಲ್ಲಬೇಕು. ಎಂಟಾದಾಗ ಕೈಚೀಲ ಇಡಲು ಜಾಗವಿಲ್ಲ. ಮುಂಬೈ ಲೋಕಲ್‌ಗಳ ವಿಪರೀತ ದಟ್ಟಣೆಯನ್ನು ವಿವರಿಸಲು ರೈಲ್ವೆಯವರು ಬಳಸುತ್ತ ಬಂದಿರುವ ಅಂಕಿ 14ರಿಂದ 16. ಹದಿನಾರು ಎಂದರೆ ಒಬ್ಬನಿಗೆ 25 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ: ಒಂದು ಗೇಣಿಗಿಂತ ತುಸು ಹೆಚ್ಚು. ಒಂಬತ್ತು ಬೋಗಿಯ ಗಾಡಿಗೆ ನಿಗದಿಯಾಗಿದ್ದದ್ದು 1,700–1,800 ಜನ, ದಟ್ಟಣೆಯ ಹೊತ್ತಿನಲ್ಲಿ ಏರುತ್ತಿದ್ದವರು 4,500ಕ್ಕೂ ಹೆಚ್ಚು. ಟೋಕಿಯೊದ ಭಾಷೆಯಲ್ಲಿ ಹೇಳಿದರೆ ಶೇ 250, ಕೈ ಅಲ್ಲಾಡಿಸಲಾಗದ ಸ್ಥಿತಿ.

ಬೇರೆಬೇರೆ ದೇಶಗಳ ಜಾಲಗಳನ್ನು ಹೋಲಿಸುವವರಿಗೆ ನಾನು ಸೂಚಿಸುವುದು ಈ ಅಳತೆಯನ್ನೇ. ಒಂದು ಚದರ ಮೀಟರ್ ಎಲ್ಲ ದೇಶಗಳಲ್ಲೂ ಒಂದೇ. ಯಾವ ಕಚೇರಿಯೂ ಅದನ್ನು ತಿದ್ದಲಾರದು. ಬೇಕಾದದ್ದು ಮೂರೇ ಅಂಕಿ: ಗಾಡಿಯಲ್ಲಿದ್ದ ಜನ, ಆಸನಗಳು, ನಿಲ್ಲುವ ಜಾಗದ ವಿಸ್ತೀರ್ಣ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಮೂರನೆಯದರಿಂದ ಭಾಗಿಸಿ. ವಿಸ್ತೀರ್ಣ ಹುಡುಕುವುದೇ ಕಷ್ಟದ ಕೆಲಸ. ಬೋಗಿಯ ನಕ್ಷೆ ಸಿಗದಿದ್ದರೆ, ನಿಗದಿತ ನಿಲ್ಲುವ ಸಾಮರ್ಥ್ಯವನ್ನು ಆ ದೇಶದವರು ಚದರ ಮೀಟರಿಗೆ ಎಷ್ಟು ಜನರಂತೆ ಹಿಡಿದಿದ್ದಾರೋ ಅದರಿಂದ ಭಾಗಿಸಿ ಹಿಂದಕ್ಕೆ ಲೆಕ್ಕ ಹಾಕಬಹುದು. ಬಾಗಿಲ ಅಂಗಳ ಮತ್ತು ಆಸನಗಳ ನಡುವಿನ ಓಣಿ ಒಂದೇ ಹದದಲ್ಲಿ ತುಂಬುವುದಿಲ್ಲ ಎಂಬುದನ್ನು ಮಾತ್ರ ಅಡಿಟಿಪ್ಪಣಿಯಲ್ಲಿ ಹೇಳಿ.

ಸಾಂದ್ರತೆಯೂ ಹೇಳದ ಒಂದು ವಿಷಯವಿದೆ. ಬಾಗಿಲು ಮುಚ್ಚುವ ಗಾಡಿಯಲ್ಲಿ ತುಂಬುವಿಕೆಗೆ ಒಂದು ಗೋಡೆಯಿದೆ. ಜಾಗವಿಲ್ಲದವನು ಪ್ಲಾಟ್‌ಫಾರ್ಮಿನಲ್ಲಿ ಉಳಿಯುತ್ತಾನೆ. ತೆರೆದ ಬಾಗಿಲಿನ ಗಾಡಿಯಲ್ಲಿ ಆ ಗೋಡೆಯಿಲ್ಲ, ಅವನು ಅಂಚಿನಲ್ಲಿ ಜೋತಾಡುತ್ತಾನೆ. 2025ರ ಜೂನ್ 9ರಂದು ಮುಂಬ್ರಾ ಬಳಿ, ಎದುರುಬದುರಾಗಿ ಸಾಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಹೀಗಾಗಿ ಎರಡು ಜಾಲಗಳನ್ನು ಹೋಲಿಸುವಾಗ ಸಾಂದ್ರತೆಯ ಪಕ್ಕದಲ್ಲಿ ‘ಬಾಗಿಲು ಮುಚ್ಚುತ್ತದೆಯೇ’ ಎಂಬ ಕಾಲಂ ಇರಲೇಬೇಕು. ಒಳಗೆ ಅಷ್ಟೇ ಜನರಿದ್ದರೂ ಎರಡರ ಅಪಾಯ ಒಂದೇ ಅಲ್ಲ.

ಉಳಿದುಹೋದವರು, ನಿಂತ ನಿಮಿಷಗಳು

ಮೇಲಿನ ಎಲ್ಲ ಅಳತೆಗಳೂ ಹತ್ತಿದವರನ್ನು ಎಣಿಸುತ್ತವೆ. ಹತ್ತಲಾಗದೆ ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ಯಾವುದರಲ್ಲೂ ಇಲ್ಲ. 2017ರ ಸೆಪ್ಟೆಂಬರ್ 29ರಂದು ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಕಾಲ್ತುಳಿತದಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಬೋಗಿಯ ದಟ್ಟಣೆಯ ಯಾವ ಕೋಷ್ಟಕದಲ್ಲೂ ಆ ಸೇತುವೆ ಬರುವುದಿಲ್ಲ. ಮೆಟ್ಟಿಲು, ಸೇತುವೆ, ಪ್ಲಾಟ್‌ಫಾರ್ಮಿನ ಅಗಲ ಇವೂ ಜಾಲದ ಭಾಗವೇ.

ನಿಂತ ನಿಮಿಷಗಳ ಲೆಕ್ಕ ಸರಳ: ಹತ್ತಿದ ಮೇಲೆ ಆಸನ ಸಿಗುವವರೆಗೆ, ಇಲ್ಲವೇ ಇಳಿಯುವವರೆಗೆ ಕಳೆದ ಸಮಯ. ಸಾರಿಗೆ ಯೋಜಕರೂ ಇದಕ್ಕೆ ಬೆಲೆ ಕಟ್ಟುತ್ತಾರೆ; ಇಕ್ಕಟ್ಟಿನಲ್ಲಿ ನಿಂತ ಒಂದು ನಿಮಿಷವನ್ನು ಕುಳಿತ ಸುಮಾರು ಎರಡು ನಿಮಿಷಕ್ಕೆ ಸಮ ಎಂದು ಹಿಡಿಯುವುದುಂಟು. ಈ ಲೆಕ್ಕದಲ್ಲಿ 30 ನಿಮಿಷ ನಿಂತು ಹೋಗುವ ಹತ್ತಿರದ ಮನೆಗಿಂತ 50 ನಿಮಿಷ ಕುಳಿತು ಹೋಗುವ ದೂರದ ಮನೆಯೇ ಹಗುರ.

ಖರ್ಚಿನ ಮಾತು

ಕಣ್ಣಿನಿಂದ ಎಣಿಸುವುದು ಅಗ್ಗ. ಆದರೆ ಬೋಗಿ ಬಿಗಿಯಾದಷ್ಟೂ ಕಣ್ಣು ಸೋಲುತ್ತದೆ: ನಿಂತವರು ನಲವತ್ತೋ ಐವತ್ತೋ ಎಂದು ಹೇಳಬಹುದು, ಇನ್ನೂರೋ ಇನ್ನೂರೈವತ್ತೋ ಎಂದು ಹೇಳಲಾಗದು. ಟಿಕೆಟ್ ಗೇಟಿನ ದಾಖಲೆ ಎಷ್ಟು ಜನ ಒಳಬಂದರು ಎಂದು ಹೇಳುತ್ತದೆ, ಯಾವ ಗಾಡಿ ಹತ್ತಿದರು ಎಂದು ಹೇಳುವುದಿಲ್ಲ. ಗೇಟೇ ಇಲ್ಲದ ನಿಲ್ದಾಣದಲ್ಲಿ ಪಾಸಿನವರು ಲೆಕ್ಕಕ್ಕೇ ಸಿಗುವುದಿಲ್ಲ. ಹೊಸ ಗಾಡಿಗಳಲ್ಲಿ ಬ್ರೇಕಿನ ಬಲವನ್ನು ಹೊಂದಿಸಲು ಬೋಗಿಯ ಗಾಳಿ ಸ್ಪ್ರಿಂಗ್‌ನ ಒತ್ತಡವನ್ನು ಹೇಗೂ ಅಳೆಯುತ್ತಾರೆ. ಆ ತೂಕವನ್ನು ಒಬ್ಬ ಮನುಷ್ಯನ ಸರಾಸರಿ ತೂಕದಿಂದ ಭಾಗಿಸಿದರೆ ಬೋಗಿಬೋಗಿಯ ಲೆಕ್ಕ ಬಹುತೇಕ ಉಚಿತವಾಗಿ ಬರುತ್ತದೆ. ಟೋಕಿಯೊದ ಯಾಮಾನೊತೆ ಮಾರ್ಗದಲ್ಲಿ ಯಾವ ಬೋಗಿ ಎಷ್ಟು ತುಂಬಿದೆ ಎಂಬುದನ್ನು 2014ರಿಂದಲೇ ಮೊಬೈಲ್ ಆ್ಯಪ್‌ನಲ್ಲಿ ತೋರಿಸುತ್ತಿದ್ದಾರೆ. ಬಾಗಿಲಿಗೆ ಎಣಿಕೆಯ ಸಂವೇದಕ ಕೂರಿಸುವುದು ಇನ್ನೂ ನಿಖರ, ಖರ್ಚೂ ಹೆಚ್ಚು. ಹಣ ಕಡಿಮೆಯಿರುವ ಜಾಲಕ್ಕೆ ತೂಕದ ಲೆಕ್ಕವೇ ಸರಿ ಎಂಬುದು ನನ್ನ ಅಭಿಪ್ರಾಯ.

ಯಾರು ಯಾವುದನ್ನು ಹಿಡಿಯಬೇಕು

ದೇಶದೇಶಗಳ ಹೋಲಿಕೆಯ ಪ್ರಬಂಧಕ್ಕೆ ಚದರ ಮೀಟರಿನ ಸಾಂದ್ರತೆ. ಒಂದೇ ಜಾಲದ ಹತ್ತು ವರ್ಷಗಳ ಏರಿಳಿತಕ್ಕೆ ಸಾಮರ್ಥ್ಯದ ಶೇಕಡಾವಾರು, ಛೇದ ಬದಲಾಗಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು. ಹೆಚ್ಚು ಗಾಡಿ ಕೇಳುವ ಸಂಘಕ್ಕೆ ಮೀರಿದವರ ಎಣಿಕೆ. ‘ಸರಾಸರಿ ಸರಿಯಾಗಿಯೇ ಇದೆ’ ಎಂಬ ಉತ್ತರಕ್ಕೆ ಎದುರು ನಿಲ್ಲುವುದು ಅದೊಂದೇ. ಅದರ ಜೊತೆಗೆ, ಜನ ಹತ್ತಲಾಗದೆ ಬಿಟ್ಟ ಗಾಡಿಗಳ ಸಂಖ್ಯೆಯನ್ನೂ ಸೇರಿಸಿ.

ಮನೆ ಹುಡುಕುವವರು ಪ್ರಕಟವಾದ ಯಾವ ಅಂಕಿಯನ್ನೂ ನೆಚ್ಚಬೇಕಾಗಿಲ್ಲ. ಅತ್ಯಂತ ಕಿಕ್ಕಿರಿದ ಭಾಗದ ಶೇಕಡಾವಾರಿಗಿಂತ, ನೀವು ಹತ್ತುವ ನಿಲ್ದಾಣದಲ್ಲಿ ನೀವು ಹೊರಡುವ ಹೊತ್ತಿನ ಸ್ಥಿತಿ ಮುಖ್ಯ. ಗಾಡಿ ಹೊರಡುವ ನಿಲ್ದಾಣದ ಹತ್ತಿರ ಮನೆಯಿದ್ದರೆ ಶೇ 200ರ ಮಾರ್ಗದಲ್ಲೂ ಕುಳಿತು ಹೋಗಬಹುದು. ಅದೇ ಮಾರ್ಗದಲ್ಲಿ ನಾಲ್ಕು ನಿಲ್ದಾಣ ಮುಂದೆ ಕಾಲಿಡಲೂ ಜಾಗವಿರುವುದಿಲ್ಲ.

ಎರಡೂ ನಿಲ್ದಾಣಗಳಿಗೆ ಮಂಗಳವಾರ, ಬುಧವಾರ, ಗುರುವಾರ ಹೋಗಿ. ನೀವು ನಿಜವಾಗಿ ಹೊರಡುವ ಗಂಟೆಯಲ್ಲೇ ಹೋಗಿ. ಒಂದು ಗಂಟೆಯಲ್ಲಿ ಎಷ್ಟು ಗಾಡಿ ಬಂದವು, ಅವುಗಳಲ್ಲಿ ಎಷ್ಟನ್ನು ನಿಮ್ಮಿಂದ ಹತ್ತಲಾಗುತ್ತಿತ್ತು, ಪ್ಲಾಟ್‌ಫಾರ್ಮಿನಲ್ಲಿ ಎಷ್ಟು ಜನ ಉಳಿದರು ಎಂದು ಬರೆದುಕೊಳ್ಳಿ. ಒಂದು ಗಾಡಿ ಹತ್ತಿ, ಎಷ್ಟನೆಯ ನಿಮಿಷಕ್ಕೆ ಆಸನ ಸಿಕ್ಕಿತು ಎಂದು ನೋಡಿ. ಸಂಜೆ ಮರಳುವ ದಾರಿಯಲ್ಲೂ ಇದನ್ನೇ ಮಾಡಿ. ಬೆಳಿಗ್ಗೆ ಕೂರಿಸಿ ಕಳಿಸಿದ ಮಾರ್ಗ ಸಂಜೆ ಉದ್ದಕ್ಕೂ ನಿಲ್ಲಿಸುವುದುಂಟು. ಗಾಡಿ ರದ್ದಾದ ದಿನದ ಅಥವಾ ಜೋರು ಮಳೆಯ ದಿನದ ಟಿಪ್ಪಣಿಯನ್ನು ಎಸೆಯಬೇಡಿ, ಬೇರೆ ಪುಟದಲ್ಲಿ ಇಟ್ಟುಕೊಳ್ಳಿ. ಮೂರು ದಿನಗಳ ಲೆಕ್ಕದಲ್ಲಿ ಎರಡೂ ಮಾರ್ಗಗಳು ಸರಿಸಮ ಎನಿಸಿದರೆ ಆ ಪುಟವನ್ನು ತೆರೆದು ನೋಡಿ.